ಗಂಡ ಸೈನ್ಯದಲ್ಲಿ, ಮನೆ ಕೋಲಾರದಲ್ಲಿ: ಬೆಂಗಳೂರು ಟ್ರಾಫಿಕ್ ದಾಟಿ ಸರಿಯಾದ ಹೊತ್ತಿಗೆ ರೈಲು ಹಿಡಿಯೋದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. ಮದುವೆಯಾದ ಮೇಲೆ ಮೊದಲ ಸಲ ನಿಮ್ಮವರು ರಜೆ ಮುಗಿಸಿ ವಾಪಸ್ ಹೊರಟಿದ್ದಾರೆ. ರೈಲು ಬೆಂಗಳೂರಿನಿಂದ, ಸಂಜೆ. ಅವರು ಮಧ್ಯಾಹ್ನವೇ ಕೋಲಾರ ಬಿಡೋಣ ಅನ್ನುತ್ತಾರೆ. ಅತ್ತೆ ಇನ್ನೂ ಸ್ವಲ್ಪ ಹೊತ್ತು ಇರಲಿ ಅನ್ನುತ್ತಾರೆ. ನಡುವೆ ನೀವು. ನಮ್ಮ ಮನೆಯಲ್ಲೂ ವರ್ಷಗಟ್ಟಲೆ ಇದೇ ನಡೆದಿದೆ. ನನ್ನ ಮಾತು ಕೇಳುವುದಾದರೆ, ಹೊರಡುವ ಆ ಒಂದು ದಿನ ಗಡಿಯಾರ ಅವರ ಕೈಗೆ ಕೊಟ್ಟುಬಿಡಿ. ಮಿಕ್ಕ ರಜೆಯೆಲ್ಲ ಅತ್ತೆಯದು, ನಿಮ್ಮದು.

ಯಾಕೆ ಅಂತ ಹೇಳುತ್ತೇನೆ. ನಮಗೆ ರೈಲು ತಪ್ಪಿದರೆ ನಾಳೆ ಇನ್ನೊಂದಕ್ಕೆ ಹೋಗುತ್ತೇವೆ. ಅವರಿಗೆ ಹಾಗಾಗೋದಿಲ್ಲ. ಕರ್ನಾಟಕ ಎಕ್ಸ್‌ಪ್ರೆಸ್ ಸಂಜೆ ಏಳರ ಮೇಲೆ ಬೆಂಗಳೂರು ಬಿಟ್ಟರೆ ದೆಹಲಿ ಸೇರೋಕೆ ಎರಡು ರಾತ್ರಿ. ಅಲ್ಲಿಂದ ಜಮ್ಮುವಿಗೆ ಮತ್ತೊಂದು ರೈಲು. ಕಾಶ್ಮೀರದ ಕಡೆ ಪೋಸ್ಟಿಂಗ್ ಇದ್ದರೆ ಜಮ್ಮುವಿನ ಟ್ರಾನ್ಸಿಟ್ ಕ್ಯಾಂಪಿನಲ್ಲಿ, ಅಂದರೆ ದಾರಿಯಲ್ಲಿರುವ ಸೈನಿಕರು ತಂಗುವ ಶಿಬಿರದಲ್ಲಿ, ಹೆಸರು ಬರೆಸಿ, ಕಾನ್ವಾಯ್ (ಸೇನೆಯ ವಾಹನಗಳ ಸಾಲು) ಹೊರಡುವ ತನಕ ಕಾಯಬೇಕು. ಕೆ.ಆರ್. ಪುರದಲ್ಲಿ ಅರ್ಧ ಗಂಟೆ ಸಿಕ್ಕಿಹಾಕಿಕೊಂಡರೆ ಆ ಕಡೆ ದಿನಗಳೇ ಹೋಗುತ್ತವೆ. ಸೀಟು ಮತ್ತೆ ಸಿಗಬೇಕಲ್ವಾ? ರಜೆ ಚೀಟಿಯ ತಾರೀಕು ಮಾತ್ರ ಬದಲಾಗೋದಿಲ್ಲ. 1950ರ ಸೇನಾ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ತಕ್ಕ ಕಾರಣವಿಲ್ಲದೆ ರಜೆ ಮೀರಿ ಉಳಿಯುವುದು ಅಪರಾಧ. ಕೋರ್ಟ್ ಮಾರ್ಷಲ್‌ನಲ್ಲಿ, ಅಂದರೆ ಸೇನೆಯದೇ ಕೋರ್ಟಿನಲ್ಲಿ, ಸಾಬೀತಾದರೆ 3 ವರ್ಷದವರೆಗೆ ಜೈಲಾಗಬಹುದು. ನಿಮ್ಮನ್ನು ಹೆದರಿಸೋಕೆ ಹೇಳುತ್ತಿಲ್ಲ. ಬೆಳಿಗ್ಗೆಯಿಂದ ಅವರ ತಲೆಯಲ್ಲಿ ಏನು ಓಡುತ್ತಿರುತ್ತದೆ ಅಂತ ನಿಮಗೆ ಗೊತ್ತಿರಲಿ.

ಜೊತೆಗೆ ಅಭ್ಯಾಸ. ಆರಕ್ಕೆ ಪರೇಡ್ ಅಂದರೆ ಸುಬೇದಾರ್ ಸಾಹೇಬರು ಐದೂಮುಕ್ಕಾಲಿಗೆ ಫಾಲ್‌ಇನ್ (ಸಾಲಾಗಿ ನಿಲ್ಲೋದು) ಅನ್ನುತ್ತಾರೆ. ಹವಾಲ್ದಾರರು ಐದೂವರೆ ಅನ್ನುತ್ತಾರೆ. ಜವಾನರು ಅದಕ್ಕೂ ಮೊದಲೇ ಬೂಟು ಕಟ್ಟಿ ನಿಂತಿರುತ್ತಾರೆ. ಹೀಗೆ ಬದುಕಿ ರೂಢಿಯಾದವರಿಗೆ “ನಿಧಾನಕ್ಕೆ ಹೊರಟರಾಯ್ತು ಬಿಡಿ” ಅಂದರೆ ಎದೆ ಹೊಡೆದುಕೊಳ್ಳುತ್ತದೆ. ಆಗ ಸಿಡುಕಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಇನ್ನು ದಾರಿ. ಕೋಲಾರದಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ಹೊಸಕೋಟೆ ತನಕ ದೊಡ್ಡ ತೊಂದರೆಯಿಲ್ಲ. ಟೊಮೆಟೊ ಸೀಸನ್ನಿನಲ್ಲಿ ಎಪಿಎಂಸಿ ಹತ್ತಿರ ಕ್ರೇಟು ತುಂಬಿದ ಲಾರಿ ಜಾಸ್ತಿ. ನರಸಾಪುರದಲ್ಲಿ ಶಿಫ್ಟ್ ಬಿಡುವ ಹೊತ್ತಿಗೆ ಫ್ಯಾಕ್ಟರಿ ಬಸ್ಸುಗಳು ಸಾಲಾಗಿ ಹೆದ್ದಾರಿಗೆ ಬರುತ್ತವೆ. ನಿಜವಾದ ಕಷ್ಟ ಶುರುವಾಗೋದು ಆಮೇಲೆ: ಭಟ್ಟರಹಳ್ಳಿ, ಕೆ.ಆರ್. ಪುರ, ತೂಗು ಸೇತುವೆ, ಟಿನ್ ಫ್ಯಾಕ್ಟರಿ. ಮನೆಯಲ್ಲಿ ಕೂತು ಮ್ಯಾಪ್ ನೋಡಿದರೆ ಎರಡು ಗಂಟೆ ಸಾಕು ಅಂತ ತೋರಿಸುತ್ತದೆ. ನೀವು ಅಲ್ಲಿಗೆ ಹೋಗುವಷ್ಟರಲ್ಲಿ ಆಫೀಸು ಬಿಟ್ಟು ಎಲ್ಲರೂ ರಸ್ತೆಯಲ್ಲಿರುತ್ತಾರೆ.

ಬ್ಯಾಗು ಮಾತ್ರ ಇದ್ದರೆ ಕೆ.ಆರ್. ಪುರದಲ್ಲೇ ಇಳಿದು ಮೆಟ್ರೋ ಹತ್ತಿ. 2023ರ ಅಕ್ಟೋಬರಿನಿಂದ ನೇರಳೆ ಮಾರ್ಗ ವೈಟ್‌ಫೀಲ್ಡ್ ಕಡೆಯಿಂದ ಮೆಜೆಸ್ಟಿಕ್ಕಿಗೆ ಸೀದಾ ಓಡುತ್ತಿದೆ. ಮೆಜೆಸ್ಟಿಕ್ ಆದ ಮೇಲೆ ಮುಂದಿನದೇ ಸಿಟಿ ರೈಲ್ವೆ ಸ್ಟೇಷನ್. ಸೈನಿಕರ ಕಮಾಂಡ್ ಆಸ್ಪತ್ರೆಗೆ ಹೋಗುವಾಗಲೂ ನಾನು ಇದೇ ದಾರಿ ಹಿಡಿಯುತ್ತೇನೆ. ಇಂದಿರಾನಗರದಲ್ಲಿ ಇಳಿದು ಆಟೊ. ಕಪ್ಪು ಟ್ರಂಕು, ಹಾಸಿಗೆ ಎಲ್ಲ ಇದ್ದರೆ ಬಂಗಾರಪೇಟೆಯೇ ವಾಸಿ. ಕೋಲಾರದಿಂದ ಅರ್ಧ ಗಂಟೆ ದಾರಿ. ಅಲ್ಲಿಂದ ಮಾಲೂರು, ವೈಟ್‌ಫೀಲ್ಡ್, ಕಂಟೋನ್ಮೆಂಟ್ ಮೇಲೆ ರೈಲು ಸಿಟಿ ಸ್ಟೇಷನ್ನಿಗೇ ಹೋಗುತ್ತದೆ. ಟ್ರಂಕು ರಸ್ತೆಗೆ ಇಳಿಸುವ ಕೆಲಸವೇ ಇರೋದಿಲ್ಲ. ಸಮಯಕ್ಕೆ ಆಗುವ ಕೊನೆಯ ರೈಲು ಬೇಡ, ಅದಕ್ಕಿಂತ ಮೊದಲಿನದು ನೋಡಿಕೊಳ್ಳಿ.

ನನ್ನ ಅನುಭವದಲ್ಲಿ ಹೊತ್ತು ಜಾಸ್ತಿ ಹೋಗೋದು ರಸ್ತೆಗಿಂತ ಮನೆಯ ಹೊಸ್ತಿಲಲ್ಲೇ. ಹೊರಡುವ ದಿನ ಚಿಕ್ಕಮ್ಮ, ದೊಡ್ಡಪ್ಪ, ಅವರ ಮಕ್ಕಳು ಒಬ್ಬೊಬ್ಬರಾಗಿ ನೋಡೋಕೆ ಬರುತ್ತಾರೆ. ಒಬ್ಬೊಬ್ಬರಿಗೂ ಕಾಫಿ. ಅವರನ್ನೆಲ್ಲ ಹಿಂದಿನ ದಿನವೇ ಕರೆಯಿರಿ. ನಿಪ್ಪಟ್ಟು, ಹುರಿದ ಅವರೆಬೇಳೆ, ಸಾಂಬಾರ್ ಪುಡಿ ಹಿಂದಿನ ರಾತ್ರಿಯೇ ಬ್ಯಾಗಿಗೆ ಸೇರಲಿ. ಅಳೋದಿದ್ದರೂ ಆ ರಾತ್ರಿಯೇ ಅತ್ತುಬಿಡಿ.

ಆಮೇಲೆ ರಾಹುಕಾಲ. ಗುರುವಾರ ಒಂದೂವರೆಯಿಂದ ಮೂರು. ಅವರು ಎರಡಕ್ಕೆ ಹೊರಡಬೇಕು ಅಂದರೆ ಅತ್ತೆ ಬಿಡೋದಿಲ್ಲ. ಅತ್ತೆಯ ಜೊತೆ ವಾದ ಬೇಡ. ಮಗ ಅಷ್ಟು ದೂರ ಹೋಗುವಾಗ ಅವರ ಕೈಲಿರೋದು ಅದೊಂದೇ. ನಮ್ಮ ಮನೆಯಲ್ಲಿ ಒಂದೂಕಾಲಿಗೆ ದೀಪ ಹಚ್ಚಿ, ಕುಂಕುಮ ಇಟ್ಟು, ಬ್ಯಾಗನ್ನು ಹೊಸ್ತಿಲು ದಾಟಿಸಿ ಪಕ್ಕದ ಮನೆಯ ಜಗಲಿ ಮೇಲೆ ಇಡುತ್ತೇವೆ. ಪ್ರಯಾಣ ಒಳ್ಳೆ ಗಳಿಗೆಯಲ್ಲಿ ಶುರುವಾಯಿತು ಅಂತ ಅತ್ತೆಗೆ ಸಮಾಧಾನ. ನಮ್ಮವರು ಎರಡಕ್ಕೆ ಬ್ಯಾಗು ಎತ್ತಿಕೊಂಡು ಹೊರಡುತ್ತಾರೆ.

ಬೇಗ ಹೋಗಿ ಸ್ಟೇಷನ್ನಿನಲ್ಲಿ ಸುಮ್ನೆ ಕೂರೋದು ದಂಡ ಅಂತ ನೀವು ಬರೆದಿದ್ದೀರಿ. ಒಂದು ಸಲ ಕೂತು ನೋಡಿ. ಕಾರಿನಲ್ಲಿ ಅವರ ಗಮನವೆಲ್ಲ ಸಿಗ್ನಲ್ ಮೇಲೆ. ನೀವು ಏನು ಹೇಳಿದರೂ ಹೂಂ ಅನ್ನುತ್ತಾರೆ ಅಷ್ಟೇ. ಪ್ಲಾಟ್‌ಫಾರ್ಮ್ ಸೇರಿ, ಬೋಗಿ ಎಲ್ಲಿ ನಿಲ್ಲುತ್ತದೆ ಅಂತ ನೋಡಿಕೊಂಡ ಮೇಲೆ ಭುಜ ಇಳಿಸಿ ಕೂರುತ್ತಾರೆ. ಆಗ ಮಾತಾಡುತ್ತಾರೆ. ಮಗುವಿನ ಸ್ಕೂಲು, ಸಾಲದ ಕಂತು, ಮುಂದಿನ ರಜೆ, ಎಲ್ಲ ನಾವು ತೀರ್ಮಾನ ಮಾಡೋದು ಆ ಬೆಂಚಿನ ಮೇಲೆಯೇ.

ಇಷ್ಟೆಲ್ಲ ಮಾಡಿಯೂ ರೈಲು ತಪ್ಪಿದರೆ ಗಾಬರಿಯಾಗಬೇಡಿ. ಅವರು ರಜೆ ಮುಗಿಯುವ ಮೊದಲೇ ಯೂನಿಟ್‌ಗೆ ಫೋನ್ ಮಾಡಿ ತಿಳಿಸಲಿ. ಟಿಕೆಟ್ ಜೋಪಾನವಾಗಿರಲಿ, ರಜೆ ಚೀಟಿಯ ಫೋಟೊ ನಿಮ್ಮ ಫೋನಿನಲ್ಲೂ ಇರಲಿ. ಆದರೆ ರೈಲಿನ ಹೆಸರು, ತಾರೀಕು, ಯೂನಿಟ್ ಹೆಸರು ಯಾವುದನ್ನೂ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಬೇಡಿ. ಫೋಟೊ ಹಾಕಲೇಬೇಕು ಅನ್ನಿಸಿದರೆ ಅವರು ತಲುಪಿದ ಮೇಲೆ, ಅವರನ್ನೇ ಕೇಳಿ ಹಾಕಿ.