ಹಳೇ ಪ್ರೀಮಿಯರ್ ನಿಂತಿತು, ಮುಂದೆ ಯಾವುದಕ್ಕೆ ಹೋಗಲಿ?

ನೀವು ಕೇಳಿದ್ದು ಇಷ್ಟು: ಚಿತ್ರದುರ್ಗದಲ್ಲಿ ಮದುವೆ ವಿಡಿಯೋ ಮಿಕ್ಸಿಂಗ್ ಮಾಡುತ್ತೀರಿ. ಇಷ್ಟು ವರ್ಷ ಎಡಿಟಿಂಗ್‌ಗೆ ಅಡೋಬಿ ಕಂಪನಿಯ ಪ್ರೀಮಿಯರ್ ಪ್ರೊ ಸಿಎಸ್6, ಡಿವಿಡಿ ಮಾಡಲು ಅದೇ ಕಂಪನಿಯ ಎನ್‌ಕೋರ್, ಎರಡರಲ್ಲೇ ಕೆಲಸ ನಡೆದಿದೆ. ಈಗ ಕ್ಯಾಮೆರಾದವರು ತಂದುಕೊಡುವ ಫೈಲ್ ಅದರಲ್ಲಿ ತೆರೆಯುತ್ತಿಲ್ಲ, ಸಿಸ್ಟಮ್ಮೂ ಸುಸ್ತಾಗಿದೆ, ಕಂಪನಿ ಆ ಸಾಫ್ಟ್‌ವೇರ್ ಕೈಬಿಟ್ಟು ಎಷ್ಟೋ ವರ್ಷವಾಯಿತು.

ನಾನು ದಾವಣಗೆರೆಯಲ್ಲಿ ಇದೇ ಕೆಲಸದಲ್ಲಿರುವವನು. ಒಬ್ಬರೇ ಕೂತು ಮಿಕ್ಸಿಂಗ್ ಮಾಡುವವರಿಗೆ ನಾನು ಹೇಳುವುದು ಡಾವಿಂಚಿ ರಿಸಾಲ್ವ್ ಸ್ಟುಡಿಯೋ, ಅಂದರೆ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನ ದುಡ್ಡು ಕೊಟ್ಟು ಕೊಳ್ಳುವ ಆವೃತ್ತಿ. ಕಾರಣ ಆಮೇಲೆ ಹೇಳುತ್ತೇನೆ. ದುಡ್ಡು ಬಿಚ್ಚುವುದಕ್ಕಿಂತ ಮುಂಚೆ, ಹಳೇ ಸಿಸ್ಟಮ್ ಇನ್ನೂ ಆನ್ ಆಗುತ್ತಿರುವಾಗಲೇ, ಅದರೊಳಗಿನ ಕೆಲಸವನ್ನು ಹೊರಗೆ ತೆಗೆದುಕೊಳ್ಳಿ. ಹೊಸದನ್ನು ನಾಳೆಯೂ ಕೊಳ್ಳಬಹುದು. ಹಳೇ ಮದರ್‌ಬೋರ್ಡ್ ಹೋದ ಮೇಲೆ ಆ ಪ್ರಾಜೆಕ್ಟ್‌ಗಳನ್ನು ಅದೇ ಸ್ಥಿತಿಯಲ್ಲಿ ತೆರೆದು ನೋಡುವುದು ಕಷ್ಟ.

ಆಲ್ಬಮ್ ಇನ್ನೂ ಕೊಡದ, ಪಾರ್ಟಿ ಇನ್ನೂ ತಿದ್ದುಪಡಿ ಹೇಳುತ್ತಿರುವ ಪ್ರಾಜೆಕ್ಟ್‌ಗಳನ್ನು ಮೊದಲು ಹಿಡಿಯಿರಿ. ಸಿಎಸ್6ನ ಎಕ್ಸ್‌ಪೋರ್ಟ್ ಮೆನುವಿನಲ್ಲಿ ಫೈನಲ್ ಕಟ್ ಪ್ರೊ ಎಕ್ಸ್‌ಎಂಎಲ್ ಅಂತ ಇದೆ, ಇಡಿಎಲ್ ಮತ್ತು ಎಎಎಫ್ ಕೂಡ ಇವೆ; ಮೂರೂ ಎಡಿಟಿಂಗ್ ಲೆಕ್ಕವನ್ನು ಬೇರೆ ಸಾಫ್ಟ್‌ವೇರ್‌ಗೆ ಒಯ್ಯುವ ಫೈಲ್ ಬಗೆಗಳು. ಎಕ್ಸ್‌ಎಂಎಲ್ ತೆಗೆದಿಟ್ಟರೆ ನಿಮ್ಮ ಕಟ್‌ಗಳು, ಸಾದಾ ಡಿಸಾಲ್ವ್‌ಗಳು, ಯಾವ ಕ್ಲಿಪ್ ಎಲ್ಲಿಂದ ಎಲ್ಲಿಗೆ ಅನ್ನುವ ಲೆಕ್ಕ ಬೇರೆ ಸಾಫ್ಟ್‌ವೇರ್‌ಗೂ ಹೋಗುತ್ತದೆ. ಟೈಟಲ್‌ಗಳು, ಹೊರಗಿನ ಪ್ಲಗಿನ್ ಎಫೆಕ್ಟ್‌ಗಳು, ಕಲರ್ ಕೆಲಸ ಹೋಗುವುದಿಲ್ಲ. ಹಾಗಾಗಿ ಮುಗಿದ ಪ್ರತಿ ವಿಡಿಯೋಗೂ ಎರಡು ಫೈಲ್ ಮಾಡಿಟ್ಟುಕೊಳ್ಳಿ: ಹೆಚ್ಚು ಬಿಟ್‌ರೇಟ್‌ನಲ್ಲಿ ಟೈಟಲ್ ಸಮೇತ ಒಂದು, ಟೈಟಲ್ ಇಲ್ಲದೆ ಇನ್ನೊಂದು. ಮುಂದೆ ಯಾರಾದರೂ ಬೆಳ್ಳಿಹಬ್ಬಕ್ಕೆ ವಿಡಿಯೋ ಕೇಳಿದರೆ ಆ ಎರಡನೆಯದೇ ಉಪಯೋಗಕ್ಕೆ ಬರುವುದು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2011ರ ಜೂನ್‌ನಲ್ಲಿ ಆಪಲ್ ತನ್ನ ಹೊಸ ಎಡಿಟಿಂಗ್ ಸಾಫ್ಟ್‌ವೇರ್ ಫೈನಲ್ ಕಟ್ ಪ್ರೊ ಎಕ್ಸ್ ತಂದಾಗ ಹಳೇ ಫೈನಲ್ ಕಟ್ ಪ್ರೊ 7ರ ಮಾರಾಟವನ್ನೇ ನಿಲ್ಲಿಸಿತು, ಹೊಸದರಲ್ಲಿ ಹಳೇ ಪ್ರಾಜೆಕ್ಟ್ ತೆರೆಯುತ್ತಲೂ ಇರಲಿಲ್ಲ. ದೊಡ್ಡ ದೊಡ್ಡ ಸಿನಿಮಾ ಎಡಿಟರ್‌ಗಳೇ ದಿಕ್ಕೆಟ್ಟರು. ಅಡೋಬಿ 2013ರಲ್ಲಿ ಬಾಡಿಗೆ ಪದ್ಧತಿಗೆ, ಅಂದರೆ ಬಳಸುವಷ್ಟು ಕಾಲವೂ ದುಡ್ಡು ಕಟ್ಟುತ್ತಿರಬೇಕಾದ ಪದ್ಧತಿಗೆ, ತಿರುಗಿತು, ಎನ್‌ಕೋರ್ ಸಿಎಸ್6ಕ್ಕೇ ಕೊನೆಯಾಯಿತು. ಕ್ಯಾಮೆರಾಗಳ ಆಡಿಯೋ ಹೊಂದಿಸಲು ನಾವೆಲ್ಲ ನೆಚ್ಚಿಕೊಂಡಿದ್ದ ಪ್ಲೂರಲ್‌ಐಸ್ ಕೂಡ ನಿಂತಿದೆ. ನಾಳೆ ರಿಸಾಲ್ವ್‌ಗೂ ಇದೇ ಗತಿ ಬರಬಹುದು. ಹಾಗಾಗಿ ಯಾವುದನ್ನೇ ತಗೊಳ್ಳಿ, ಅದರಿಂದ ಹೊರಗೆ ಬರುವ ದಾರಿ ಮೊದಲು ನೋಡಿಕೊಳ್ಳಿ.

ಈಗ ನಿಮ್ಮ ಫೈಲ್ ವಿಷಯ. ಸೋನಿ ಎ7 ಫೋರ್, ಎಫ್‌ಎಕ್ಸ್3 ಥರದ ಕ್ಯಾಮೆರಾಗಳು ಎಕ್ಸ್‌ಎವಿಸಿ ಎಚ್‌ಎಸ್‌ನಲ್ಲಿ ಬರೆಯುವುದು ಎಚ್.265 (ವಿಡಿಯೋವನ್ನು ಒತ್ತಿ ಚಿಕ್ಕದು ಮಾಡುವ ಒಂದು ಹೊಸ ವಿಧಾನ), ಹೆಚ್ಚಾಗಿ 10-ಬಿಟ್ 4:2:2, ಅಂದರೆ ಬಣ್ಣದ ವಿವರ ಹೆಚ್ಚಿರುವ ಫೈಲ್. ಸಿಎಸ್6 ಬಂದದ್ದು 2012ರಲ್ಲಿ, ಅದಕ್ಕೆ ಎಚ್.265 ಅಂದರೆ ಏನೆಂದೇ ಗೊತ್ತಿಲ್ಲ. ರಿಸಾಲ್ವ್‌ನ ಉಚಿತ ಆವೃತ್ತಿಯೂ ವಿಂಡೋಸ್‌ನಲ್ಲಿ ಈ 10-ಬಿಟ್ 4:2:2 ಫೈಲ್‌ಗಳನ್ನು ತೆಗೆದುಕೊಳ್ಳುವುದಿಲ್ಲ. ಎಷ್ಟೋ ಜನ ಉಚಿತದ್ದನ್ನು ಹಾಕಿಕೊಂಡು, ಟೈಮ್‌ಲೈನ್ ಮೇಲೆ ಬರೀ ಆಡಿಯೋ ಬಂದಿದ್ದನ್ನು ನೋಡಿ, ಸಾಫ್ಟ್‌ವೇರೇ ಸರಿ ಇಲ್ಲ ಅಂತ ಕೈಬಿಡುತ್ತಾರೆ. ಹಳೇ ಬಗೆಯ 8-ಬಿಟ್ ಎಚ್.264 ಫುಟೇಜ್ ಬರುವವರಿಗೆ ಉಚಿತದ್ದೇ ಧಾರಾಳ ಸಾಕು, ಅದರಲ್ಲಿ 4ಕೆ ಯುಎಚ್‌ಡಿವರೆಗೆ ರೆಂಡರ್ ಆಗುತ್ತದೆ, ಸ್ಟುಡಿಯೋಗೆ ಮೀಸಲಾದ ಎಫೆಕ್ಟ್ ಹಾಕದಿದ್ದರೆ ವಾಟರ್‌ಮಾರ್ಕ್ ಬರುವುದಿಲ್ಲ.

ಸಿಸ್ಟಮ್ ಕಟ್ಟಿಸುವಾಗ ಅಂಗಡಿಯವರು ಗ್ರಾಫಿಕ್ಸ್ ಕಾರ್ಡ್ ಬಗ್ಗೆಯೇ ಮಾತಾಡುತ್ತಾರೆ. ರಿಸಾಲ್ವ್‌ಗೆ ಒಳ್ಳೆ ಕಾರ್ಡ್ ಬೇಕು, ಸುಳ್ಳಲ್ಲ. ಆದರೆ 4:2:2 ಎಚ್.265 ಫೈಲ್ ತಡವರಿಸದೆ ಓಡಬೇಕಾದರೆ ಇಂಟೆಲ್ 11ನೇ ತಲೆಮಾರು ಅಥವಾ ಅದರ ಮೇಲಿನ ಪ್ರೊಸೆಸರ್‌ನ ಒಳಗಿರುವ ಕ್ವಿಕ್ ಸಿಂಕ್ (ವಿಡಿಯೋ ಫೈಲ್ ಬಿಡಿಸಲೆಂದೇ ಇರುವ ಭಾಗ) ದೊಡ್ಡ ಸಹಾಯ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಈ ಅನುಕೂಲ ಆರ್‌ಟಿಎಕ್ಸ್ 50 ಸರಣಿಯಿಂದ ಬಂದದ್ದು, ಅದಕ್ಕಿಂತ ಹಳೇ ಕಾರ್ಡ್‌ಗಳಲ್ಲಿ ಇಲ್ಲ. ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ಎಫ್ ಅಕ್ಷರ ಇದ್ದರೆ ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ, ಕ್ವಿಕ್ ಸಿಂಕೂ ಇಲ್ಲ. ಸ್ವಲ್ಪ ದುಡ್ಡು ಉಳಿಯುತ್ತದೆ ಅಂತ ಎಫ್ ತಗೊಳ್ಳಬೇಡಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ, ಹೊಸ ಸಿಸ್ಟಮ್‌ಗೆ 11 ಹಾಕಿಸಿ.

ಹೊಸ ಪ್ರೀಮಿಯರ್‌ಗೇ ಯಾಕೆ ಹೋಗಬಾರದು ಅಂತ ಕೇಳುತ್ತೀರಿ. ಹೋಗಬಹುದು. ನಿಮ್ಮ ಸಿಎಸ್6 ಪ್ರಾಜೆಕ್ಟ್‌ಗಳು ಸಾಮಾನ್ಯವಾಗಿ ಅದರಲ್ಲಿ ತೆರೆಯುತ್ತವೆ, ಕೈಗೂ ರೂಢಿ ಇದೆ. ನನಗೆ ಒಪ್ಪಿಗೆಯಾಗದ್ದು ಬಾಡಿಗೆ. ನಮ್ಮ ದುಡಿಮೆ ಸೀಸನ್‌ದು. ಆಷಾಢದಲ್ಲಿ ಕಲ್ಯಾಣ ಮಂಟಪಗಳು ಬಾಗಿಲು ಹಾಕಿರುತ್ತವೆ, ಧನುರ್ಮಾಸದಲ್ಲೂ ಮುಹೂರ್ತ ಇಲ್ಲ. ಬಾಡಿಗೆ ಮಾತ್ರ ತಪ್ಪುವುದಿಲ್ಲ, ಕಟ್ಟುವುದು ನಿಲ್ಲಿಸಿದರೆ ನಿಮ್ಮದೇ ಹಳೇ ಪ್ರಾಜೆಕ್ಟ್ ತಿದ್ದುವುದಕ್ಕೂ ಆಗುವುದಿಲ್ಲ. ರಿಸಾಲ್ವ್ ಸ್ಟುಡಿಯೋಗೆ ಅಮೆರಿಕದ ಬೆಲೆ 295 ಡಾಲರ್, ನಮ್ಮಲ್ಲಿ ತೆರಿಗೆ ಸೇರುತ್ತದೆ. ಒಂದೇ ಸಲ ಕೊಟ್ಟರೆ ಮುಗಿಯಿತು, ಇಲ್ಲಿಯವರೆಗೆ ಹೊಸ ಆವೃತ್ತಿಗಳಿಗೆ ಮತ್ತೆ ದುಡ್ಡು ಕೇಳಿಲ್ಲ. ಒಂದು ಕೀ ಎರಡು ಸಿಸ್ಟಮ್‌ನಲ್ಲಿ ನಡೆಯುತ್ತದೆ. ಮ್ಯಾಕ್ ಇರುವವರು ಫೈನಲ್ ಕಟ್ ನೋಡಲಿ. ಕ್ರ್ಯಾಕ್ ಹಾಕಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಇನ್ನೊಬ್ಬರ ಮನೆ ಮದುವೆ ನಿಮ್ಮ ಹಾರ್ಡ್ ಡಿಸ್ಕ್‌ನಲ್ಲಿರುತ್ತದೆ, ಅದರ ಜೊತೆ ಎಲ್ಲಿಂದಲೋ ಬಂದ ಫೈಲ್ ಓಡಿಸುವುದು ತರವಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಕನ್ನಡ ಟೈಟಲ್‌ನಲ್ಲಿ. ಯಾವ ಸಾಫ್ಟ್‌ವೇರ್ ತಗೊಳ್ಳುವ ಮೊದಲೂ ಅದರ ಉಚಿತ ಅಥವಾ ಟ್ರಯಲ್ ಆವೃತ್ತಿಯಲ್ಲಿ ಯೂನಿಕೋಡ್ ಫಾಂಟ್ ಇಟ್ಟು 'ಶ್ರೀ ದುರ್ಗಾಂಬಿಕಾ ಪ್ರಸನ್ನ' ಅಂತ ಟೈಪ್ ಮಾಡಿ ನೋಡಿ. 'ರ್ಗಾ'ದ ಅರ್ಕಾವತ್ತು ಬಲಗಡೆ ಕೂತಿದೆಯಾ, 'ಶ್ರೀ'ಯಲ್ಲಿ ರ ವತ್ತು ಶಕ್ಕೆ ಅಂಟಿಕೊಂಡಿದೆಯಾ, 'ಸನ್ನ'ದ ನಾವತ್ತು ಕೆಳಗೆ ಇಳಿದಿದೆಯಾ, ಇಲ್ಲ ಅಕ್ಷರಗಳೆಲ್ಲ ಬಿಡಿಬಿಡಿಯಾಗಿ ಹರಡಿವೆಯಾ? ಪ್ರೀಮಿಯರ್‌ನಲ್ಲಾದರೆ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ಭಾಗದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಹಾಕಬೇಕು, ಹಾಕದಿದ್ದರೆ ಒತ್ತಕ್ಷರ ಒಡೆಯುತ್ತದೆ. ರಿಸಾಲ್ವ್‌ನಲ್ಲಿ ಸಾದಾ ಟೆಕ್ಸ್ಟ್, ಟೆಕ್ಸ್ಟ್ ಪ್ಲಸ್ ಅಂತ ಎರಡು ಬಗೆಯ ಟೈಟಲ್ ಇವೆ, ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ. ನುಡಿ, ಬರಹದ ಹಳೇ ಆಸ್ಕಿ ಫಾಂಟ್‌ನಲ್ಲಿ ಮಾಡಿದ ಟೈಟಲ್‌ಗಳಿದ್ದರೆ ಆ ಫಾಂಟ್ ಫೈಲ್‌ಗಳನ್ನೂ ಕಾಪಿ ಮಾಡಿಕೊಳ್ಳಿ. ಹೊಸ ಸಿಸ್ಟಮ್‌ನಲ್ಲಿ ಅವು ಇಲ್ಲದಿದ್ದರೆ ವಧೂವರರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು ಕಾಣುತ್ತದೆ.

ನಾನು ಹೆಸರು, ದೇವರ ಸಾಲು, ಮಂಟಪದ ವಿಳಾಸ ಎಲ್ಲವನ್ನೂ ಫೋಟೋಶಾಪ್‌ನಲ್ಲಿ ಮಾಡಿ, ಹಿನ್ನೆಲೆ ಇಲ್ಲದ ಪಿಎನ್‌ಜಿಯಾಗಿ ಸೇವ್ ಮಾಡಿ ಟೈಮ್‌ಲೈನ್‌ಗೆ ತರುತ್ತೇನೆ. ಆ ಪಿಎನ್‌ಜಿ ಯಾವ ಸಾಫ್ಟ್‌ವೇರ್‌ನಲ್ಲಿಟ್ಟರೂ ಹಾಗೇ ಕಾಣುತ್ತದೆ. ಫೋಟೋಶಾಪ್ ಬೇಡವೆಂದರೆ ಇಂಕ್‌ಸ್ಕೇಪ್ ಉಚಿತ.

ರಿಸಾಲ್ವ್‌ಗೆ ಬಂದ ಮೇಲೆ ನಿಮಗೆ ತಕ್ಷಣ ಖುಷಿ ಕೊಡುವುದು ಕ್ಯಾಮೆರಾ ಹೊಂದಿಸುವ ಕೆಲಸ. ಎರಡು ಮೂರು ಕ್ಯಾಮೆರಾದ ಕ್ಲಿಪ್‌ಗಳನ್ನು ಆಯ್ದು ವೇವ್‌ಫಾರ್ಮ್ (ಶಬ್ದದ ಏರಿಳಿತದ ಗೆರೆಚಿತ್ರ) ಮೇಲೆ ಸಿಂಕ್ ಕೊಟ್ಟರೆ ಅದೇ ಹೊಂದಿಸಿಕೊಳ್ಳುತ್ತದೆ. ತಪ್ಪಿದರೆ ಗಟ್ಟಿಮೇಳದ ಜಾಗ ಹುಡುಕಿ: ತಾಳಿ ಕಟ್ಟುವ ಹೊತ್ತಿಗೆ ಎಲ್ಲ ಕ್ಯಾಮೆರಾದ ವೇವ್‌ಫಾರ್ಮ್‌ನಲ್ಲೂ ಒಮ್ಮೆಗೇ ದಪ್ಪ ಪಟ್ಟಿ ಏಳುತ್ತದೆ, ಅದರ ಆರಂಭವನ್ನು ಒಂದರ ಕೆಳಗೊಂದು ಕೂಡಿಸಿ. ಸುರಗಿ ಸುತ್ತುವ ಶಾಸ್ತ್ರದ ಗದ್ದಲ ಇದಕ್ಕೆ ಪ್ರಯೋಜನವಿಲ್ಲ, ಅಲ್ಲಿ ಶಬ್ದಕ್ಕೆ ಸ್ಪಷ್ಟ ಆರಂಭವೇ ಸಿಗುವುದಿಲ್ಲ.

ಒಂದು ಎಚ್ಚರಿಕೆ. ಪ್ರೀಮಿಯರ್‌ನಲ್ಲಿ ಪ್ರಾಜೆಕ್ಟ್ ಅಂದರೆ ಫೋಲ್ಡರ್‌ನಲ್ಲಿ ಕಣ್ಣಿಗೆ ಕಾಣುವ ಒಂದು ಫೈಲ್. ರಿಸಾಲ್ವ್‌ನಲ್ಲಿ ಅದು ಡೇಟಾಬೇಸ್‌ನೊಳಗೆ ಇರುತ್ತದೆ. ಫುಟೇಜ್ ಬೇರೆ ಡಿಸ್ಕ್‌ನಲ್ಲಿ ಭದ್ರವಾಗಿದೆ ಅಂತ ಸಿ ಡ್ರೈವ್ ಫಾರ್ಮ್ಯಾಟ್ ಹೊಡೆದರೆ ಕಟ್ ಮಾಡಿದ್ದೆಲ್ಲ ಹೋಗಬಹುದು. ಪ್ರತಿ ಮದುವೆ ಮುಗಿದಾಗ ಎಕ್ಸ್‌ಪೋರ್ಟ್ ಪ್ರಾಜೆಕ್ಟ್ ಕೊಟ್ಟು ಡಿಆರ್‌ಪಿ ಫೈಲ್ ತೆಗೆದು ಫುಟೇಜ್ ಜೊತೆಗೇ ಇಡಿ, ಪಕ್ಕದಲ್ಲೊಂದು ಎಕ್ಸ್‌ಎಂಎಲ್ಲೂ ಇರಲಿ. ಹೊಸ ಆವೃತ್ತಿ ಹಾಕುವ ಮೊದಲು ಡೇಟಾಬೇಸ್ ಬ್ಯಾಕಪ್ ಮಾಡಿ. ಹೊಸದರಲ್ಲಿ ಒಮ್ಮೆ ತೆರೆದ ಪ್ರಾಜೆಕ್ಟ್ ಹಳೆಯದಕ್ಕೆ ವಾಪಸ್ ಬರುವುದಿಲ್ಲ.

ಸೀಸನ್ ನಡುವೆ ಬದಲಾಯಿಸಬೇಡಿ. ಆಷಾಢಕ್ಕೆ ಇಟ್ಟುಕೊಳ್ಳಿ, ಮೊದಲು ನಾಮಕರಣವೋ ಗೃಹಪ್ರವೇಶವೋ ಒಂದು ಸಣ್ಣ ಕಾರ್ಯಕ್ರಮ ಪೂರ್ತಿ ಅದರಲ್ಲೇ ಮುಗಿಸಿ. ಕೀಬೋರ್ಡ್ ಕಸ್ಟಮೈಸೇಶನ್‌ನಲ್ಲಿ ಪ್ರೀಮಿಯರ್ ಪ್ರೊ ಅನ್ನುವ ಪ್ರೀಸೆಟ್ ಇದೆ, ಅದನ್ನು ಆರಿಸಿಕೊಂಡರೆ ನಿಮ್ಮ ಬೆರಳಿಗೆ ರೂಢಿಯಾದ ಶಾರ್ಟ್‌ಕಟ್‌ಗಳು ಬಹುಪಾಲು ಹಾಗೇ ನಡೆಯುತ್ತವೆ. ಡಿವಿಡಿ ಕೇಳುವ ಹಿರಿಯರಿಗಾಗಿ ಹಳೇ ಸಿಸ್ಟಮ್‌ನಲ್ಲಿ ಎನ್‌ಕೋರ್ ಇನ್ನಷ್ಟು ದಿನ ಇರಲಿ, ಅದರ ಇಂಟರ್‌ನೆಟ್ ಮಾತ್ರ ಕಿತ್ತುಹಾಕಿ.