ಮಂಚದ ಕೆಳಗಿಂದ ಹೊರಗೆ ಬಾರದ ಮರಿ

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ಹಾಸನದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನಾನು, ನಮ್ಮವರು, ಅತ್ತೆ ಮೂರೇ ಜನ. ನಮ್ಮ ಬೀದಿಯ ಗುಜರಿ ಅಂಗಡಿಯಲ್ಲಿ ಬೀದಿಬೆಕ್ಕೊಂದು ಮರಿ ಹಾಕಿತ್ತು. ತಾಯಿ ಲಾರಿಗೆ ಸಿಕ್ಕಿ ಸತ್ತುಹೋಯಿತು. ಉಳಿದಿದ್ದ ಒಂದೇ ಮರಿಯನ್ನು ಅಂಗಡಿಯವರು ಗೋಣಿಚೀಲ ಮುಚ್ಚಿ ಹಿಡಿದು ನನಗೆ ಕೊಟ್ಟರು. ಎರಡು ತಿಂಗಳಿನದು ಇರಬಹುದು. ಬಂದಾಗಿನಿಂದ ಮಂಚದ ಕೆಳಗೇ ಇದೆ. ಹತ್ತಿರ ಹೋದರೆ ಬುಸ್ ಅನ್ನುತ್ತದೆ. ಮೊನ್ನೆ ಎತ್ತಿಕೊಳ್ಳಲು ಹೋದಾಗ ಪರಚಿ ರಕ್ತ ಬಂತು. ಅತ್ತೆ ಅರಿಶಿನ ಹಚ್ಚಿದರು. ಬಟ್ಟಲಲ್ಲಿ ಹಾಲು ಇಟ್ಟರೆ ನಾವು ಮಲಗಿದ ಮೇಲೆ ಕುಡಿಯುತ್ತದೆ. ಭೇದಿ ಬೇರೆ ಆಗುತ್ತಿದೆ. "ಬೀದಿ ಮರಿ ಪಳಗಲ್ಲ, ಸುಮ್ನೆ ವಾಪಸ್ ಬಿಟ್ಟುಬಿಡು" ಅಂತಾರೆ ನಮ್ಮವರು. ನನಗೆ ಮನಸ್ಸು ಬರುತ್ತಿಲ್ಲ. ಇದುವರೆಗೆ ಬೆಕ್ಕು ಸಾಕಿದವಳಲ್ಲ. ಏನು ಮಾಡಲಿ?
— ಓದುಗರೊಬ್ಬರು, ಹಾಸನ

ಉತ್ತರ: ಮೊದಲು ನಿಮ್ಮ ಕೈ ನೋಡೋಣ, ಮರಿ ಆಮೇಲೆ.

ಈ ಪತ್ರಿಕೆ ಕೆಳಗಿಟ್ಟು ಇವತ್ತೇ ಆಸ್ಪತ್ರೆಗೆ ಹೋಗಿ. ಬೀದಿಯಲ್ಲಿ ಹುಟ್ಟಿದ, ಲಸಿಕೆ ಆಗದ ಮರಿ ರಕ್ತ ಬರುವಂತೆ ಪರಚಿದೆ. ರೇಬೀಸ್ ನಾಯಿಯಿಂದ ಮಾತ್ರ ಬರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಬೆಕ್ಕಿನಿಂದಲೂ ಬರುತ್ತದೆ. ಬಂದ ಮೇಲೆ ಉಳಿಸುವ ಔಷಧಿ ಇಲ್ಲ. ಎರಡು ದಿನ ತಡವಾಯಿತು ಅಂತ ಸುಮ್ಮನಿರಬೇಡಿ, ತಡವಾದರೂ ಚುಚ್ಚುಮದ್ದು ಹಾಕಿಸಿಕೊಳ್ಳಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆ. ಚರ್ಮಕ್ಕೆ ಕೊಡುವ ಕ್ರಮದಲ್ಲಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಒಂದನ್ನೂ ತಪ್ಪಿಸಬೇಡಿ. ಗಾಯ ನೋಡಿ ಬೇರೆ ಇಂಜೆಕ್ಷನ್ ಕೂಡ ಬೇಕೋ ಅಂತ ಅಲ್ಲಿನ ಡಾಕ್ಟರ್ ಹೇಳುತ್ತಾರೆ. ಇನ್ನು ಮುಂದೆ ಪರಚಿದರೆ, ಕಚ್ಚಿದರೆ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ನಿಮ್ಮ ಅತ್ತೆ ಪ್ರೀತಿಯಿಂದಲೇ ಹಚ್ಚಿದ್ದಾರೆ, ಆದರೆ ಇಲ್ಲಿ ಕೆಲಸ ಮಾಡುವುದು ಸೋಪು ಮತ್ತು ನೀರು. ಜೊತೆಗೆ ಹತ್ತು ದಿನ ಮರಿಯ ಮೇಲೆ ಕಣ್ಣಿಡಿ. ಹುಷಾರು ತಪ್ಪಿದರೆ ಅಥವಾ ಸತ್ತರೆ ನಿಮ್ಮ ಡಾಕ್ಟರಿಗೆ ತಿಳಿಸಿ.

ಈಗ ನಿಮ್ಮವರ ಮಾತಿಗೆ ಬರುತ್ತೇನೆ. ಪಳಗುವುದಿಲ್ಲ ಅನ್ನುವುದು ಸರಿಯಲ್ಲ. ಆದರೆ ಅದಕ್ಕೊಂದು ಕಾಲ ಇದೆ, ಅದು ನಿಜ. ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಐಲೀನ್ ಕಾರ್ಶ್ ಎಂಬವರು 1980ರ ದಶಕದಲ್ಲಿ ಬೆಕ್ಕಿನ ಮರಿಗಳ ಮೇಲೆ ಕೆಲಸ ಮಾಡಿದರು. ಹುಟ್ಟಿದ 2ನೇ ವಾರದಿಂದ 7ನೇ ವಾರದೊಳಗೆ ಮನುಷ್ಯರ ಕೈಯಲ್ಲಿ ಆಡಿದ ಮರಿಗಳು ದೊಡ್ಡವಾದ ಮೇಲೂ ಜನರ ಹತ್ತಿರ ಸಲೀಸಾಗಿ ಬರುತ್ತವೆ ಅಂತ ಅವರ ಕೆಲಸದಿಂದ ಗೊತ್ತಾಯಿತು. ಆ ವಾರಗಳಲ್ಲಿ ನಿಮ್ಮ ಮರಿ ಕಂಡ ಮನುಷ್ಯರು ಯಾರು? ಗುಜರಿ ಎತ್ತಿ ಎಸೆಯುವ ಕಾಲುಗಳು, ಕೊನೆಗೆ ಮೇಲೆ ಬಿದ್ದ ಗೋಣಿಚೀಲ. ಹೆದರದೆ ಇನ್ನೇನು ಮಾಡೀತು? ಎರಡು ತಿಂಗಳು ಅಂದರೆ ಆ ಬಾಗಿಲು ಮುಚ್ಚುತ್ತಾ ಬಂದಿದೆ, ಪೂರ್ತಿ ಮುಚ್ಚಿಲ್ಲ. ನಾಲ್ಕು ತಿಂಗಳಾದ ಮೇಲೆ ತಂದಿದ್ದರೆ ಬಹಳ ಕಷ್ಟವಾಗುತ್ತಿತ್ತು. ಈಗ ಶುರು ಮಾಡಿದರೆ ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಬದಲಾವಣೆ ಕಾಣುತ್ತದೆ. ವಾಪಸ್ ಬಿಟ್ಟರೆ ತಾಯಿಯಿಲ್ಲದ ಮರಿ ಆ ಬೀದಿಯಲ್ಲಿ ಬದುಕುವುದು ಕಷ್ಟ.

ಜಾಗದಿಂದ ಶುರು ಮಾಡಿ. ಮಂಚದ ಕೆಳಗೆ ಇರಲಿ ಅಂತ ಬಿಟ್ಟರೆ ಅದು ಅಲ್ಲೇ ಬೆಳೆಯುತ್ತದೆ, ನಿಮ್ಮ ಕಾಲು ಮಾತ್ರ ನೋಡುತ್ತಾ. ಇಡೀ ಮನೆ ಅದಕ್ಕೆ ತುಂಬ ದೊಡ್ಡದು. ಒಂದು ಚಿಕ್ಕ ಕೋಣೆ ಬೇಕು. ಸ್ಟೋರ್ ರೂಮು ಇದ್ದರೆ ಒಳ್ಳೆಯದು, ಒಣಗಿದ ಬಚ್ಚಲಾದರೂ ಆಗುತ್ತದೆ. ಕೈ ಎಟುಕದ ಸಂದುಗಳನ್ನೆಲ್ಲ ಹಳೆ ಬಟ್ಟೆ ತುರುಕಿ ಮುಚ್ಚಿ. ಅವಿತುಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆಯನ್ನು ಮಗ್ಗುಲಿಗೆ ಮಲಗಿಸಿಡಿ, ಒಳಗೆ ನಿಮ್ಮದೇ ಹಳೆ ಚೂಡಿದಾರ ಹಾಕಿ. ಒಗೆಯದ್ದೇ ಇರಲಿ, ನಿಮ್ಮ ವಾಸನೆ ಅದಕ್ಕೆ ಪರಿಚಯ ಆಗಬೇಕು. ಅಡಗಲು ಜಾಗವೇ ಇಲ್ಲದಿದ್ದರೆ ಭಯ ಹೆಚ್ಚುತ್ತದೆ. ಆದರೆ ಆ ಜಾಗ ನೀವು ಇಟ್ಟದ್ದಾಗಿರಬೇಕು, ನಿಮಗೆ ಕಾಣುವಂತಿರಬೇಕು. ಪೆಟ್ಟಿಗೆಯಿಂದ ದೂರದ ಮೂಲೆಯಲ್ಲಿ ಒಂದು ಟ್ರೇಗೆ ಮರಳು ತುಂಬಿಡಿ. ಕಕ್ಕಸಿಗೆ ಎಲ್ಲಿ ಹೋಗಬೇಕು ಅಂತ ಬೆಕ್ಕಿಗೆ ಯಾರೂ ಕಲಿಸಬೇಕಾಗಿಲ್ಲ, ಕೆದರಲು ಮರಳು ಸಿಕ್ಕರೆ ಸಾಕು.

ಮಂಚದ ಕೆಳಗಿಂದ ಆ ಕೋಣೆಗೆ ಸಾಗಿಸುವಾಗ ಬರಿಗೈ ಹಾಕಬೇಡಿ. ದಪ್ಪ ಟವೆಲ್ ಮೇಲಿಂದ ಮುಚ್ಚಿ, ಟವೆಲ್ ಸಮೇತ ಸುತ್ತಿ ಎತ್ತಿ. ಇದೊಂದು ಸಲ ಬಲವಂತ ಮಾಡಲೇಬೇಕಾಗುತ್ತದೆ. ಅದೇ ಟವೆಲ್‌ನಲ್ಲಿ ಮೊದಲು ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಅಲ್ಲಿಂದ ನೇರವಾಗಿ ಹೊಸ ಕೋಣೆಗೆ ಬಿಡಿ. ಎರಡು ಸಲ ಹಿಡಿಯುವ ಕಷ್ಟ ತಪ್ಪುತ್ತದೆ.

ಹಾಲು ಇವತ್ತಿನಿಂದಲೇ ನಿಲ್ಲಿಸಿ. ಹಸುವಿನ ಹಾಲಿನಲ್ಲಿರುವ ಸಕ್ಕರೆ ಅಂಶ ಬಹಳ ಮರಿಗಳಿಗೆ ಅರಗುವುದಿಲ್ಲ. ಭೇದಿಗೆ ಅದು ಒಂದು ಕಾರಣ ಇರಬಹುದು, ಜಂತುಹುಳು ಇನ್ನೊಂದು. ಸಣ್ಣ ಮರಿಯ ಮೈಯಲ್ಲಿ ನೀರಿನಂಶ ಬೇಗ ಇಳಿದುಹೋಗುತ್ತದೆ, ಅದಕ್ಕೇ ವೈದ್ಯರಿಗೆ ತೋರಿಸುವುದನ್ನು ಮುಂದೂಡಬೇಡಿ ಅನ್ನುವುದು. ಕುಡಿಯಲು ನೀರು ಸಾಕು, ಸದಾ ಇಟ್ಟಿರಿ. ಮೊಸರನ್ನ ಹಾಕಿ ಬೆಕ್ಕು ಸಾಕುವ ಮನೆಗಳನ್ನು ಮಲೆನಾಡಿನಲ್ಲಿ ನನ್ನ ನೌಕರಿಯ ಉದ್ದಕ್ಕೂ ನೋಡಿದ್ದೇನೆ. ಅಲ್ಲಿ ಬೆಕ್ಕು ಕಣಜದ ಇಲಿ ಹಿಡಿದು ತನಗೆ ಬೇಕಾದ ಮಾಂಸ ತಾನೇ ಸಂಪಾದಿಸುತ್ತಿತ್ತು. ಬಾಗಿಲು ಹಾಕಿದ ಕೋಣೆಯ ಮರಿಗೆ ಇಲಿ ಎಲ್ಲಿಂದ ಬರಬೇಕು? ಬೆಕ್ಕು ಮಾಂಸ ತಿಂದೇ ಬದುಕುವ ಪ್ರಾಣಿ. ಅದರ ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರಿನ್ ಅನ್ನದಲ್ಲಿ ಇಲ್ಲ. ಅಂಗಡಿಯಲ್ಲಿ ಸಿಗುವ ಬೆಕ್ಕಿನ ಮರಿಯ ಆಹಾರವೇ ಮುಖ್ಯ ಊಟವಾಗಲಿ. ನಿಮ್ಮ ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ ಅಂದರೂ ಇದರಿಂದ ತೊಂದರೆ ಇಲ್ಲ, ಪ್ಯಾಕೆಟ್ ಒಡೆದು ಹಾಕಿದರೆ ಆಯಿತು.

ಊಟವೇ ನಿಮ್ಮ ದೊಡ್ಡ ಆಸರೆ. ಬಟ್ಟಲು ಇಟ್ಟು ಬಾಗಿಲು ಹಾಕಿಕೊಂಡು ಬರಬೇಡಿ. ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಕೊಡಿ, ಪ್ರತಿ ಸಲವೂ ಅಲ್ಲೇ ನೆಲದ ಮೇಲೆ ಕೂತಿರಿ. ನಿಂತರೆ ನೀವು ಅದಕ್ಕೆ ಬೆಟ್ಟದಷ್ಟು ದೊಡ್ಡವರು. ಗೋಡೆಗೆ ಒರಗಿ, ಮಗ್ಗುಲಾಗಿ, ಅದರ ಕಡೆ ದಿಟ್ಟಿಸದೆ ಕೂರಿ. ಸುಮ್ನೆ ಕೂರಲು ಬೇಜಾರಾದರೆ ಪೇಪರನ್ನು ಗಟ್ಟಿಯಾಗಿ ಓದಿ. ತಮಾಷೆಗೆ ಹೇಳುತ್ತಿಲ್ಲ, ಒಂದೇ ಧಾಟಿಯ ಮೆಲುದನಿ ಕೇಳುತ್ತಾ ಇದ್ದರೆ ಮರಿಗೆ ನಿಮ್ಮ ಸ್ವರ ಒಗ್ಗುತ್ತದೆ. ನಮ್ಮ ಮನೆಯ ಬೆಕ್ಕು ಗುಬ್ಬಿ ಅಡಿಕೆ ಕೊಟ್ಟಿಗೆಯಲ್ಲಿ ಹುಟ್ಟಿದ ಬೂದು ಪಟ್ಟೆಯ ಹೆಣ್ಣುಮರಿ. ಅವಳು ಚೀಲಗಳ ಹಿಂದಿನಿಂದ ಮೊದಲ ಸಲ ಹೊರಗೆ ಬಂದದ್ದು ನಾನು ಅಡಿಕೆ ಧಾರಣೆ ಓದುತ್ತಿದ್ದಾಗ.

ಮೊದಲು ಅದು ನೀವಿರುವಾಗ ತಿನ್ನಲಿ. ತಿಂದಿತೇ? ಬಟ್ಟಲನ್ನು ದಿನದಿಂದ ದಿನಕ್ಕೆ ನಿಮ್ಮ ಕಡೆ ಗೇಣುಗೇಣು ಸರಿಸಿ. ನಂತರ ಉದ್ದ ಹಿಡಿಯ ಚಮಚದ ತುದಿಯಲ್ಲಿ ಉಪ್ಪು ಖಾರ ಹಾಕದೆ ಬೇಯಿಸಿ ನುರಿದ ಕೋಳಿಮಾಂಸವನ್ನೋ, ಅಂಗಡಿಯ ಮೆತ್ತನೆ ಆಹಾರವನ್ನೋ ನೀಡಿ. ಈ ರುಚಿಯ ತಿನಿಸು ನಿಮ್ಮ ಕೈಯಿಂದ ಮಾತ್ರ ಸಿಗಬೇಕು. ಮುಂದೆ ಬಾರದಿದ್ದರೆ ಹಸಿವಿನಿಂದ ಪಳಗಿಸಲು ಹೋಗಬೇಡಿ. ಸ್ವಲ್ಪ ದೂರ ಸರಿದು ಕೂತು ತಿನ್ನಲು ಬಿಡಿ. ಇಷ್ಟು ಚಿಕ್ಕ ಮರಿ ಒಂದು ದಿನ ಪೂರ್ತಿ ಉಪವಾಸ ಇದ್ದರೆ ಅಪಾಯ.

ಬುಸ್ ಅಂದಾಗ ಏನು ಮಾಡಬೇಕು? ಏನೂ ಬೇಡ. ಗದರಬೇಡಿ, ಕೈಯನ್ನು ಥಟ್ಟನೆ ಎಳೆದುಕೊಳ್ಳಲೂ ಬೇಡಿ. ಅದು ಸಿಟ್ಟಲ್ಲ, ಭಯ. ಇದ್ದಲ್ಲೇ ಇದ್ದು ಕಣ್ಣನ್ನು ನಿಧಾನವಾಗಿ ಅರ್ಧ ಮುಚ್ಚಿ ತೆರೆಯಿರಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನುಷ್ಯರು ಹೀಗೆ ನಿಧಾನವಾಗಿ ಕಣ್ಣು ಮಿಟುಕಿಸಿದರೆ ಬೆಕ್ಕುಗಳೂ ತಿರುಗಿ ಮಿಟುಕಿಸುವುದು ಜಾಸ್ತಿ, ಅಪರಿಚಿತರಾದರೂ ಹತ್ತಿರ ಬರುವುದು ಜಾಸ್ತಿ ಅಂತ ಕಂಡುಬಂತು. ಒಂದು ದಿನ ನಿಮ್ಮ ಮರಿ ತಿರುಗಿ ಹಾಗೆ ಮಿಟುಕಿಸುತ್ತದೆ. ಅವತ್ತು ನಿಮ್ಮವರನ್ನೂ ಕರೆದು ತೋರಿಸಿ.

ಮುಟ್ಟುವುದು ಕೊನೆಗೆ. ಚಮಚದಿಂದ ತಿನ್ನುತ್ತಿರುವಾಗ ಒಂದು ಬೆರಳಿನಿಂದ ಕೆನ್ನೆ ಸವರಿ, ತೆಗೆದುಬಿಡಿ. ಕೆನ್ನೆ, ಗದ್ದದ ಕೆಳಗೆ, ಆಮೇಲೆ ಬೆನ್ನು. ಹೊಟ್ಟೆ ಮುಟ್ಟಬೇಡಿ. ಕುತ್ತಿಗೆಯ ಚರ್ಮ ಹಿಡಿದು ಎತ್ತಬೇಡಿ. ತಾಯಿ ಹಾಗೆ ಎತ್ತುತ್ತಿತ್ತಲ್ಲ ಅಂತ ಕೇಳುತ್ತಾರೆ. ತಾಯಿ ಎತ್ತುವುದು ಪುಟಾಣಿ ಮರಿಗಳನ್ನು, ಅದಕ್ಕೆ ಹಿಡಿತ ಗೊತ್ತು. ಆಟಕ್ಕೆ ಕೋಲಿನ ತುದಿಗೆ ದಾರ ಕಟ್ಟಿ ಬಟ್ಟೆ ಚೂರು ಸಿಕ್ಕಿಸಿ ಎಳೆಯಿರಿ. ಆಟದ ಗುಂಗಿನಲ್ಲಿ ಮರಿ ನಿಮ್ಮ ಕಾಲು ದಾಟಿ ಓಡಾಡುತ್ತದೆ, ಭಯ ಎಷ್ಟೋ ಕಡಿಮೆಯಾಗುತ್ತದೆ. ಆಟ ಮುಗಿದ ಮೇಲೆ ದಾರವನ್ನು ಎತ್ತಿಡಿ, ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ. ಕೈಬೆರಳು ಆಡಿಸಿ ಆಟ ಬೇಡವೇ ಬೇಡ. ಇವತ್ತು ಬೆರಳು ಕಚ್ಚಲು ಕಲಿತ ಮರಿ ದೊಡ್ಡದಾದ ಮೇಲೂ ಕಚ್ಚುತ್ತದೆ.

ಒಂದು ವಿಷಯವನ್ನು ಬಹಳ ಮನೆಗಳಲ್ಲಿ ಗಮನಿಸುವುದಿಲ್ಲ. ಅದರಿಂದ ಸತ್ತ ಬೆಕ್ಕುಗಳನ್ನು ನೋಡಿದ್ದೇನೆ, ಆದ್ದರಿಂದ ಒತ್ತಿ ಹೇಳುತ್ತೇನೆ. ಮರಿಯ ಕೋಣೆಯ ನೆಲಕ್ಕೆ ಫಿನೈಲ್ ಹಾಕಬೇಡಿ, ಡೆಟಾಲೂ ಬೇಡ. ಈ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರಾ ಕಡಿಮೆ. ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೆ ಹೊಟ್ಟೆಗೆ ಹೋಯಿತು. ಬಿಸಿನೀರು, ಸೋಪು ಸಾಕು. ನುಸಿಗುಳಿಗೆ ಇದ್ದ ಬೀರು ಆ ಕೋಣೆಯಲ್ಲಿ ಬೇಡ. ಜ್ವರ ಅಂತ ಪ್ಯಾರಾಸಿಟಮಾಲ್ ಚೂರು ಕೂಡ ಕೊಡಬೇಡಿ, ಬೆಕ್ಕಿಗೆ ಅದು ವಿಷ. ಚಿಗಟಕ್ಕೆ ಅಂತ ನಾಯಿಯ ಪೌಡರ್ ಹಾಕುವುದೂ ಹಾಗೇ ಅಪಾಯ.

ಪಶುವೈದ್ಯರು ಜಂತುಹುಳು ಔಷಧಿ ಕೊಡುತ್ತಾರೆ. ಭೇದಿ ನಿಂತು ಮರಿ ಚೇತರಿಸಿಕೊಂಡ ಮೇಲೆ, ಸುಮಾರು 8 ವಾರಕ್ಕೆ ಶುರುವಾಗುವ ಮೂರು ರೋಗಗಳ ಲಸಿಕೆ, 3-4 ವಾರಕ್ಕೊಮ್ಮೆ ಮತ್ತೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಐದಾರು ತಿಂಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಬಿಡಿ. ಹೆಣ್ಣು ಮರಿಯಾದರೆ ಇದು ಇನ್ನೂ ಮುಖ್ಯ, ನಾಲ್ಕು ತಿಂಗಳಿಗೇ ಬೆದೆಗೆ ಬರುವುದುಂಟು.

ನಿಮ್ಮ ಹತ್ತಿರ ತಾನಾಗಿ ಬರುವವರೆಗೆ ಕೋಣೆಯ ಬಾಗಿಲು ಹಾಕಿಯೇ ಇರಲಿ. ಆಮೇಲೆ ಅತ್ತೆಯವರೂ ನಿಮ್ಮವರೂ ಸರದಿಯಲ್ಲಿ ಹೋಗಿ ಕೂತು ತಿನ್ನಿಸಲಿ, ಇಲ್ಲದಿದ್ದರೆ ನಿಮ್ಮೊಬ್ಬರನ್ನೇ ನಂಬಿ ಉಳಿದವರಿಗೆ ಹೆದರುವ ಬೆಕ್ಕಾಗುತ್ತದೆ. ಕೆಲವು ಮರಿಗಳು ಕೊನೆಯವರೆಗೂ ಮಡಿಲಿಗೆ ಬರುವುದಿಲ್ಲ, ಪಕ್ಕದಲ್ಲಿ ಮಲಗುತ್ತವೆ ಅಷ್ಟೇ. ಅಂಥದ್ದಾದರೂ ದಯವಿಟ್ಟು ಕೈಬಿಡಬೇಡಿ.

ಪ್ರಶ್ನೆ: ಕಬ್ಬು ಕಡಿಯುವಾಗ ಗದ್ದೆಯಲ್ಲಿ ಎರಡು ಬೆಕ್ಕಿನ ಮರಿ ಸಿಕ್ಕಿವೆ. ಕಂದು ಬಣ್ಣ, ಕಾಲು ಉದ್ದ. ಮನೆಗೆ ತಂದಿದ್ದೇವೆ. ಸಾಕಬಹುದಾ?
— ರೈತರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ಸಾಕಬೇಡಿ. ನೀವು ಹೇಳುವುದನ್ನು ನೋಡಿದರೆ ಅವು ಕಾಡುಬೆಕ್ಕಿನ ಮರಿಗಳೇ ಇರಬಹುದು. ಕಾಡುಬೆಕ್ಕು ಕಬ್ಬಿನ ಗದ್ದೆಯಲ್ಲಿ ಮರಿ ಹಾಕುತ್ತದೆ, ಕಟಾವಿನ ಹೊತ್ತಿಗೆ ಜನರ ಕೈಗೆ ಸಿಗುತ್ತವೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅವನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಅವು ಮನೆಬೆಕ್ಕಿನಂತೆ ಹೊಂದಿಕೊಳ್ಳುವುದೂ ಇಲ್ಲ. ತಾಯಿ ಸತ್ತಿರಲಿಕ್ಕಿಲ್ಲ, ಜನರ ಸದ್ದಿಗೆ ದೂರ ಸರಿದಿರಬಹುದು. ಈಗಲೇ ಅರಣ್ಯ ಇಲಾಖೆಗೆ ತಿಳಿಸಿ, ಅವರು ಹೇಳಿದಂತೆ ಮರಿಗಳನ್ನು ಸಿಕ್ಕ ಜಾಗಕ್ಕೇ ಸೇರಿಸಿ. ಕತ್ತಲಾದ ಮೇಲೆ ತಾಯಿ ಬಂದು ಎತ್ತಿಕೊಂಡು ಹೋಗುವ ಸಾಧ್ಯತೆ ಚೆನ್ನಾಗಿದೆ. ಅದುವರೆಗೆ ಹಾಲು ಕುಡಿಸಲು ಹೋಗಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ಪ್ರಶ್ನೆ: ಮನೆಯಲ್ಲಿ ಆರು ವರ್ಷದ ಬೆಕ್ಕಿದೆ. ಈಗ ಬೀದಿಯಿಂದ ಮರಿ ತಂದಿದ್ದೇವೆ. ಒಟ್ಟಿಗೆ ಬಿಟ್ಟರೆ ಹೊಂದಿಕೊಳ್ಳುತ್ತವಾ?
— ಓದುಗರೊಬ್ಬರು, ಧಾರವಾಡ

ಉತ್ತರ: ಈಗಲೇ ಒಟ್ಟಿಗೆ ಬಿಡಬೇಡಿ. ಕನಿಷ್ಠ ಎರಡು ವಾರ ಬೇರೆ ಬೇರೆ ಕೋಣೆ. ಒಂದರ ಹಾಸು ಇನ್ನೊಂದಕ್ಕೆ ಬದಲಿಸಿ, ವಾಸನೆ ಪರಿಚಯವಾಗಲಿ. ಮುಚ್ಚಿದ ಬಾಗಿಲಿನ ಆ ಕಡೆ ಒಂದಕ್ಕೆ, ಈ ಕಡೆ ಇನ್ನೊಂದಕ್ಕೆ ಊಟ ಹಾಕಿ. ಬೀದಿ ಮರಿಗಳಲ್ಲಿ ಪ್ಯಾನ್‌ಲ್ಯೂಕೋಪೀನಿಯಾ ಎಂಬ, ಬೆಕ್ಕಿನ ಜೀವ ತೆಗೆಯಬಲ್ಲ ಅಂಟುರೋಗ ಇರಬಹುದು, ಅದು ಬಟ್ಟಲು, ಬಟ್ಟೆ, ನಮ್ಮ ಕೈಯಿಂದಲೂ ಹರಡುತ್ತದೆ. ಹಾಗಾಗಿ ನಿಮ್ಮ ಹಳೆ ಬೆಕ್ಕಿಗೆ ಲಸಿಕೆ ಆಗಿಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ಹಾಸು ಬದಲಿಸುವುದು, ಬಾಗಿಲು ತೆರೆಯುವುದು ಎಲ್ಲ ಮರಿಯನ್ನು ವೈದ್ಯರು ನೋಡಿ ಸರಿ ಅಂದ ಮೇಲೆ.