ನಾವು ಸಂಗೀತ ಕಲಿಯುತ್ತಿರುವ ನಾಲ್ವರು ತಿಂಗಳಿಗೊಮ್ಮೆ ವೃದ್ಧಾಶ್ರಮದಲ್ಲಿ ಉಚಿತವಾಗಿ ಕಚೇರಿ ಮಾಡಬೇಕೆಂದಿದ್ದೇವೆ. ಎಷ್ಟು ಹೊತ್ತು ಹಾಡಬೇಕು, ಮೈಕ್ ಬೇಕೇ, ಇದರಿಂದ ಮುಂದೆ ಅವಕಾಶ ಸಿಗುತ್ತದೆಯೇ?

ಹಾಡುವವರು ಇಬ್ಬರು, ಪಿಟೀಲಿಗೆ ನಿಮ್ಮ ತಂಗಿ, "ಮೃದಂಗಕ್ಕೂ ಒಬ್ಬ ಹುಡುಗ ಸಿಕ್ಕಿದ್ದಾನೆ" ಎಂದು ಬರೆದಿದ್ದೀರಿ. ಆ 'ಸಿಕ್ಕಿದ್ದಾನೆ' ಓದಿದ ಮೇಲೆ ನಿಮ್ಮ ಉಳಿದ ಪ್ರಶ್ನೆಗಳೆಲ್ಲ ನನಗೆ ಹಿಂದೆ ಸರಿದವು. ಇದೇ ಮಾತನ್ನು, ಇಷ್ಟೇ ಖುಷಿಯಿಂದ, ನಾನೂ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದೆ.

2011ರ ಜೂನ್, ಮೈಸೂರು. ಸಂಗೀತದ ಸೀನಿಯರ್ ಪರೀಕ್ಷೆ ಮುಗಿಸಿ, ಅದರ ಮೇಲಿನ ವಿದ್ವತ್ ಪರೀಕ್ಷೆಗೆ ತಯಾರಾಗುತ್ತಿದ್ದೆ. ನಾನು, ನಮ್ಮ ಮೇಷ್ಟ್ರ ಹತ್ತಿರವೇ ಕಲಿಯುತ್ತಿದ್ದ ಇನ್ನೊಬ್ಬ ಹಾಡುಗಾರ, ಪಿಟೀಲು ನುಡಿಸುವ ಗೆಳತಿ. ಮೂವರ ಮನೆಯೂ ಒಂದೂವರೆ ಕಿಲೋಮೀಟರಿನ ಒಳಗೇ. ಮೃದಂಗದವನು ಮಾತ್ರ ನಂಜನಗೂಡಿನವನು. ಹತ್ತೊಂಬತ್ತು ವರ್ಷ. ವಾರಕ್ಕೆರಡು ಸಲ ಪಾಠಕ್ಕೆಂದು ಮೈಸೂರಿಗೆ ಬರುತ್ತಿದ್ದ. ಗಣಪತಿ ಹಬ್ಬದ ಒಂದು ಪೆಂಡಾಲಿನಲ್ಲಿ ಅವನ ಕೈ ಕೇಳಿದ್ದೆ. ಹಾಡುವವರ ಸಾಹಿತ್ಯ ಎಲ್ಲಿ ನಿಲ್ಲುತ್ತದೋ ಅಲ್ಲಿ ಕೈ ನಿಲ್ಲಿಸಬಲ್ಲ ಹುಡುಗ. ಆ ವಯಸ್ಸಿನಲ್ಲಿ ಅದು ಬಹಳ ದೊಡ್ಡದು. ಆ ವಯಸ್ಸಿನವರು ಸಾಮಾನ್ಯವಾಗಿ ಇರುವ ಜಾಗವನ್ನೆಲ್ಲ ಹೊಡೆದು ತುಂಬಿಸುತ್ತಾರೆ.

ಊರ ಹೊರಗಿನ ಒಂದು ವೃದ್ಧಾಶ್ರಮಕ್ಕೆ ಪ್ರತಿ ತಿಂಗಳ ಕೊನೆಯ ಭಾನುವಾರ ಸಂಜೆ ಹೋಗುವುದೆಂದು ಗೊತ್ತುಮಾಡಿದೆವು. ಮೊದಲ ಸಲ ಎರಡು ಗಂಟೆ ಹಾಡಿದೆವು. ವರ್ಣದಿಂದ ಶುರುಮಾಡಿ, ಕಲ್ಯಾಣಿ ರಾಗದಲ್ಲಿ ದೊಡ್ಡ ಆಲಾಪನೆ, ನೆರವಲು, ಸ್ವರ, ಎಲ್ಲ. ಏಳು ಗಂಟೆಗೆ ಊಟದ ಗಂಟೆ ಹೊಡೆಯಿತು. ಕೂತಿದ್ದವರು ನಮ್ಮ ಮುಖ ನೋಡುತ್ತ, ಅಡುಗೆಮನೆಯ ಬಾಗಿಲು ನೋಡುತ್ತ ಒದ್ದಾಡಿದರು. ಸಕ್ಕರೆ ಕಾಯಿಲೆ ಇದ್ದವರಿಗೆ ಹೊತ್ತಿಗೆ ಸರಿಯಾಗಿ ಊಟ ಆಗಲೇಬೇಕು ಎನ್ನುವುದು ನಮಗೆ ಹೊಳೆದೇ ಇರಲಿಲ್ಲ. ಎರಡನೇ ತಿಂಗಳಿಂದ ಐವತ್ತು ನಿಮಿಷಕ್ಕೆ ಇಳಿಸಿದೆವು. ಒಂದು ಕೃತಿ, ಚಿಕ್ಕದೊಂದು ತನಿ ಆವರ್ತನ (ಮೃದಂಗ ಒಂದೇ ನುಡಿಯುವ ಭಾಗ), ಮಿಕ್ಕದ್ದು ದೇವರನಾಮ.

ತನಿಯನ್ನು ಬಿಡೋಣ ಎಂದು ನಮ್ಮ ಹಾಡುಗಾರ ಹೇಳಿದ್ದ. ಬಿಡದೆ ಇದ್ದದ್ದು ಒಳ್ಳೆಯದಾಯಿತು. ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ತಾತ ಮೊದಲ ಸಾಲಿನಲ್ಲೇ ಕೂರುತ್ತಿದ್ದರು. ಸಂಗೀತ ಕಲಿತವರಲ್ಲ. ಆದಿತಾಳವನ್ನು ಎರಡನೇ ತಿಂಗಳಲ್ಲಿ ನಮ್ಮ ಕೈ ನೋಡಿಯೇ ಹಿಡಿದುಕೊಂಡರು. ತನಿಯ ಕೊನೆಯ ಮುಕ್ತಾಯವಾದ ಮೋರ ಮುಗಿದು ಎಲ್ಲರೂ ಎಡುಪಿಗೆ, ಅಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗಕ್ಕೆ, ಬಂದು ಸೇರಿದಾಗ ಅವರ ಕೈ ತೊಡೆಯ ಮೇಲೆ ನಮ್ಮ ಜೊತೆಗೇ ಬೀಳುತ್ತಿತ್ತು. "ಆ ಮಗೂಗೆ ಇನ್ನೊಂದ್ ಸ್ವಲ್ಪ ಹೊತ್ತು ಬಿಡ್ರವ್ವ" ಎನ್ನುತ್ತಿದ್ದರು.

ಹೀಗೆ ಹದಿನಾಲ್ಕು ತಿಂಗಳು ನಡೆಯಿತು. 2012ರ ಆಗಸ್ಟಿನಲ್ಲಿ ಅವನು ಬರಲಿಲ್ಲ. "ಅಕ್ಕ, ಈ ಸಲ ಆಗಲ್ಲ" ಎಂದು ಒಂದು ಮೆಸೇಜು. ಸೆಪ್ಟೆಂಬರಿನಲ್ಲೂ ಅದೇ. ನನಗೆ ಸಿಟ್ಟು ಬಂತು. ಒಪ್ಪಿಕೊಂಡ ಸೇವೆಯನ್ನು ನಡುವೆ ಬಿಡುವುದೆಂದರೇನು ಎಂದು ಉಳಿದವರ ಮುಂದೆ ಆಡಿಕೊಂಡೆ. ತಾತ ಎರಡು ಸಲವೂ "ಹುಡುಗ ಎಲ್ಲಿ?" ಎಂದು ಕೇಳಿದರು. ಅಕ್ಟೋಬರಿನಲ್ಲಿ ನಂಜನಗೂಡಿನ ಬಸ್ಸು ಹತ್ತಿದೆ, ಬುದ್ಧಿ ಹೇಳಲಿಕ್ಕೆಂದೇ.

ಅವನು ಮನೆಯಲ್ಲಿರಲಿಲ್ಲ. ಅವನ ಅಮ್ಮ ಕಾಫಿ ಕೊಟ್ಟರು. "ಅವ್ನಾಗಿ ಏನೂ ಹೇಳಲ್ಲ ಕಣವ್ವ" ಎಂದು ಅವರೇ ಹೇಳಿದರು. ಊರಿನಲ್ಲೇ ಒಂದು ಭರತನಾಟ್ಯದ ತರಗತಿಗೆ ಅವನು ಭಾನುವಾರ ಸಂಜೆ ಮೃದಂಗ ನುಡಿಸುತ್ತಿದ್ದ. ದಿನಕ್ಕೆ 250 ರೂಪಾಯಿ. ಅವನ ಮೈಸೂರಿನ ಪಾಠದ ಫೀಸು ಅದರಿಂದಲೇ ಹುಟ್ಟುತ್ತಿತ್ತು. ತಿಂಗಳ ಕೊನೆಯ ಭಾನುವಾರ ತಪ್ಪಿಸಿ ತಪ್ಪಿಸಿ, ಕೊನೆಗೆ ತರಗತಿಯವರು ಪ್ರತಿ ವಾರವೂ ಬರುವ ಬೇರೊಬ್ಬರನ್ನು ನೋಡಿಕೊಂಡರು. ಅವರದೇನೂ ತಪ್ಪಿಲ್ಲ, ಮಕ್ಕಳ ಅಭ್ಯಾಸ ನಡೆಯಬೇಕಲ್ಲ. ಆ ದುಡ್ಡು ನಿಂತ ಮೇಲೆ ಪಾಠ ನಿಂತಿತ್ತು. ಅವನು ಆ ಹೊತ್ತಿನಲ್ಲಿ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಶಿಫ್ಟಿನಲ್ಲಿದ್ದ.

ಇಲ್ಲಿ ನಾನು ಮಾಡಿದ ತಪ್ಪು ಯಾವುದು ಎನ್ನುವುದನ್ನು ಬಿಡಿಸಿಯೇ ಹೇಳಬೇಕು, ಏಕೆಂದರೆ ನಾನೂ ಬಹಳ ದಿನ ಅದನ್ನು ತಪ್ಪಾಗಿಯೇ ತಿಳಿದಿದ್ದೆ. ದುಡ್ಡು ಕೊಡದೆ ಇದ್ದದ್ದು ತಪ್ಪು ಎಂದುಕೊಂಡಿದ್ದೆ. ಅದು ಆಮೇಲಿನ ಮಾತು. ಭಾನುವಾರ ಸಂಜೆ ಎಂದು ಗೊತ್ತುಮಾಡಿದ ದಿನ ನಾವು ಮೂವರೇ ಇದ್ದೆವು. ಆಶ್ರಮದವರು "ಮೃದಂಗ ಇರುತ್ತಲ್ವಾ?" ಎಂದು ಕೇಳಿದಾಗ "ಇರುತ್ತೆ" ಎಂದವಳು ನಾನು. ಅವನ ಬಾಯಿಂದ ಬರಬೇಕಿದ್ದ ಒಪ್ಪಿಗೆಯನ್ನು ನಾನು ಕೊಟ್ಟುಬಿಟ್ಟೆ. ಆಮೇಲೆ ಅವನಿಗೆ ಹೇಳಿದ್ದೂ ಹೇಗೆ? ಮೇಷ್ಟ್ರ ಮನೆಯ ಹಜಾರದಲ್ಲಿ, ಎಂಟು ಹತ್ತು ಜನ ಕೂತಿದ್ದಾಗ, "ಸೇವೆ ಮಾಡ್ತಿದ್ದೀವಿ, ನೀನೂ ಬರ್ತೀಯಲ್ಲ?" ಎಂದು. ಹಾಗೆ ಕೇಳಿದರೆ ಯಾರು ಇಲ್ಲ ಎನ್ನುತ್ತಾರೆ? ಮೇಷ್ಟ್ರು ಕೂತಿದ್ದಾರೆ, ದೇವರ ಪಟ ಇದೆ, ವಯಸ್ಸಾದವರ ಮಾತು ಬಂದಿದೆ. 'ಸೇವೆ' ಎಂದ ಮೇಲೆ ಅದರ ಎದುರಿಗೆ ಬಸ್ ಚಾರ್ಜಿನ ಮಾತು ಎತ್ತುವುದು ಹೇಗೆ? ಎತ್ತಿದವನೇ ಸಣ್ಣವನಾಗಿಬಿಡುತ್ತಾನೆ. ನನಗೆ ಅದು ನಿಜವಾಗಿಯೂ ಸೇವೆಯೇ ಆಗಿತ್ತು, ಇಲ್ಲ ಎನ್ನುವುದಿಲ್ಲ. ಅಪ್ಪ ಕಾರಿನಲ್ಲಿ ಬಿಟ್ಟುಬರುತ್ತಿದ್ದರು, ಮನೆಗೆ ಬಂದರೆ ಅಮ್ಮ ಊಟಕ್ಕೆ ಕಾಯುತ್ತಿದ್ದಳು. ನನ್ನ ಕೈಯಿಂದ ಹೋಗುತ್ತಿದ್ದದ್ದು ಒಂದು ಸಂಜೆ ಮಾತ್ರ. ಅವನ ಕೈಯಿಂದ ಏನು ಹೋಗುತ್ತಿತ್ತು ಎಂದು ಹದಿನಾಲ್ಕು ತಿಂಗಳು ನಾನು ಒಮ್ಮೆಯೂ ಕೇಳಲಿಲ್ಲ.

ಇನ್ನೂ ಒಂದಿದೆ, ಇದು ಸಂಗೀತದವರಿಗೆ ತಕ್ಷಣ ಅರ್ಥವಾಗುತ್ತದೆ. ನನ್ನ ಶ್ರುತಿ, ಅಂದರೆ ಹಾಡುವ ಆಧಾರ ಸ್ವರದ ಎತ್ತರ, ಐದು; ಜೊತೆಯ ಹಾಡುಗಾರನದು ತಗ್ಗಿನದು, ಒಂದು. ನಾವಿಬ್ಬರೂ ಸರದಿಯಲ್ಲಿ ಹಾಡುತ್ತಿದ್ದೆವು. ಪಿಟೀಲಿನವಳು ತಂತಿ ಬಿಗಿದು ಇಳಿಸಿ ಹೇಗೋ ಸಂಭಾಳಿಸುತ್ತಾಳೆ. ಮೃದಂಗದಲ್ಲಿ ಅದು ಆಗದು. ತಗ್ಗು ಶ್ರುತಿಗೆ 24 ಇಂಚಿನದು, ಹೆಚ್ಚಿನ ಶ್ರುತಿಗೆ 22 ಇಂಚಿನದು ಬೇಕು; ಕಲ್ಲಿನಿಂದ ತಟ್ಟಿ ಸರಿಮಾಡುವುದೇನಿದ್ದರೂ ಸ್ವಲ್ಪ ಮೇಲೆ ಕೆಳಗೆ. ಹಾಗಾಗಿ ಅವನು ಪ್ರತಿ ಸಲ ಎರಡು ಮೃದಂಗ ಹೊತ್ತು ತರುತ್ತಿದ್ದ. ಹಲಸಿನ ಮರದ್ದು, ಎರಡು ಹೆಗಲಿಗೂ ಒಂದೊಂದು, ಭಾನುವಾರದ ತುಂಬಿದ ಬಸ್ಸಿನಲ್ಲಿ. ಮಳೆ ತಾಗಿದರೆ ಮುಚ್ಚಿಗೆ (ಬಾಯಿಗೆ ಬಿಗಿದ ಚರ್ಮ) ಸಡಿಲ. ಬಲಗಡೆಯ ಕರಣೆ, ಅಂದರೆ ನಡುವಿನ ಕಪ್ಪು ಲೇಪ, ಸವೆದರೆ ಮುಚ್ಚಿಗೆ ಹೊಸದಾಗಿ ಹಾಕಿಸಬೇಕು, ಅದೂ ಅವನ ಖರ್ಚೇ. ಹಾಡುವವರ ವಾದ್ಯ ಗಂಟಲು, ಅದಕ್ಕೆ ಟಿಕೆಟ್ ಕೊಳ್ಳಬೇಕಾಗಿಲ್ಲ. ನಾನು ನನ್ನ ಗಂಟಲಿನ ಲೆಕ್ಕದಲ್ಲೇ ಎಲ್ಲರ ಖರ್ಚನ್ನೂ ಅಳೆದಿದ್ದೆ.

ಮುಂದಿನ ವಾರ ಒಂದು ಮೃದಂಗವನ್ನು ಎರವಲು ತೆಗೆದುಕೊಂಡು ನಾನೇ ನಂಜನಗೂಡಿನಿಂದ ಆ ಆಶ್ರಮದವರೆಗೆ ಬಂದು ನೋಡಿದೆ. ಬಸ್ಸು, ಆಟೋ, ಹೋಗಿಬರುವುದು ಸೇರಿ 140 ರೂಪಾಯಿ. ಹದಿನಾಲ್ಕು ಸಲಕ್ಕೆ 1960. ಒಂದು ಕವರಿನಲ್ಲಿ ಹಾಕಿ ತೆಗೆದುಕೊಂಡು ಹೋದೆ. ಬೇಡ ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ತೆಗೆದುಕೊಂಡ. ನನ್ನ ಎದುರಿಗೇ ಎಣಿಸಿ, 140 ರೂಪಾಯಿ ವಾಪಸ್ ಕೊಟ್ಟ. "ಎರಡು ಸಲ ನಿಮ್ಮಪ್ಪ ಕಾರಲ್ಲಿ ಮನೆ ತನಕ ಕರ್ಕೊಂಡು ಬಂದು ಬಿಟ್ಟಿದ್ರು ಅಕ್ಕ" ಎಂದ. ಒಂದೊಂದು ಸಲದ್ದೂ ಅವನಿಗೆ ನೆನಪಿತ್ತು. ಆಮೇಲೆ ಅವನು ನನ್ನ ಜೊತೆ ನುಡಿಸಲಿಲ್ಲ. ಜಗಳವೇನಿಲ್ಲ, ಶಿಫ್ಟು. ಡಿಸೆಂಬರಿಗೆ ನಮ್ಮ ಗುಂಪೂ ಮುಗಿಯಿತು. ಅಂಥ ಲಯದ ಜೊತೆ ನಾನು ಮತ್ತೆ ಹಾಡಿಲ್ಲ.

ನೀವು "ಉಚಿತವಾಗಿ" ಎಂದು ಬರೆದಿದ್ದೀರಲ್ಲ, ಆ ಮಾತನ್ನೇ ನಾನು ಒಪ್ಪುವುದಿಲ್ಲ. ಕೇಳುವವರಿಗೆ ಉಚಿತ, ಸರಿ. ಕಚೇರಿ ಉಚಿತವಲ್ಲ, ಎಲ್ಲೋ ಯಾರೋ ಅದಕ್ಕೆ ದುಡ್ಡು ಹಾಕಿರುತ್ತಾರೆ. ತಮಿಳುನಾಡಿನ ತಿರುವೈಯಾರಿನಲ್ಲಿ ತ್ಯಾಗರಾಜರ ನೆನಪಿಗೆ ನಡೆಯುವ ಆರಾಧನೆಯನ್ನೇ ನೋಡಿ. ಪುಷ್ಯ ಬಹುಳ ಪಂಚಮಿಯ ದಿನ ದೊಡ್ಡ ದೊಡ್ಡ ವಿದ್ವಾಂಸರು ಸಂಭಾವನೆ ಇಲ್ಲದೆ ಸಾಲಾಗಿ ಕೂತು ಅವರ ಪಂಚರತ್ನ ಕೃತಿಗಳನ್ನು ಹಾಡುತ್ತಾರೆ, ನಾವೆಲ್ಲ ಅದನ್ನು ಸೇವೆಯ ಮಾದರಿ ಎನ್ನುತ್ತೇವೆ. ಆದರೆ ಅವರು ಕೂರುವ ಆ ಜಾಗ ಯಾರಿಂದ ಆಯಿತು? ಗಾಯಕಿ ಬೆಂಗಳೂರು ನಾಗರತ್ನಮ್ಮನವರಿಂದ. 1878ರಲ್ಲಿ ಹುಟ್ಟಿದವರು, ಅದೂ ಇದೇ ನಂಜನಗೂಡಿನಲ್ಲಿ. ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ 1920ರ ದಶಕದಲ್ಲಿ ತಾವು ಹಾಡಿ ದುಡಿದ ದುಡ್ಡು ಸುರಿದು ಗುಡಿ ಕಟ್ಟಿಸಿದರು. ಹೆಂಗಸರು ಅಲ್ಲಿ ಹಾಡುವಂತಿಲ್ಲ ಎಂದಾಗ ಅದಕ್ಕೂ ಹೋರಾಡಿದರು. ಅವರು ದುಡ್ಡು ಪಡೆದು ಹಾಡಿದ್ದರಿಂದಲೇ ಅಲ್ಲಿ ಉಳಿದವರು ದುಡ್ಡು ಪಡೆಯದೆ ಹಾಡುವುದು ಸಾಧ್ಯವಾಯಿತು. ಹಾಗೆಯೇ ಶಾಲೆ ಕಾಲೇಜುಗಳಲ್ಲಿ ಶಾಸ್ತ್ರೀಯ ಸಂಗೀತ, ನೃತ್ಯದ ಕಾರ್ಯಕ್ರಮ ಮಾಡಿಸುವ ಸ್ಪಿಕ್ ಮೆಕೇ ಸಂಸ್ಥೆ. 1977ರಲ್ಲಿ ಕಿರಣ್ ಸೇಠ್ ದೆಹಲಿಯ ಐಐಟಿಯಲ್ಲಿ ಶುರುಮಾಡಿದ್ದು. ಅಲ್ಲಿ ದುಡಿಯುವ ವಿದ್ಯಾರ್ಥಿಗಳು ಸ್ವಯಂಸೇವಕರು. ಕಲಾವಿದರಿಗೆ ಮಾತ್ರ, ದೊಡ್ಡ ಮೊತ್ತವಲ್ಲದಿದ್ದರೂ, ಗೌರವಧನ ಇರುತ್ತದೆ.

ಆದ್ದರಿಂದ ಮೊದಲು ನಿಮ್ಮ ಮೃದಂಗದ ಹುಡುಗನನ್ನು ಒಬ್ಬನನ್ನೇ ಕೂರಿಸಿಕೊಂಡು ಮಾತಾಡಿ. ಫೋನಿನಲ್ಲಾದರೂ ಸರಿ, ಗುಂಪಿನಲ್ಲಿ ಬೇಡ. "ಬರ್ತೀಯಾ?" ಎಂದು ಕೇಳಬೇಡಿ, "ಯಾವ ವಾರ, ಯಾವ ಹೊತ್ತು ನಿನಗೆ ಬಿಡುವು?" ಎಂದು ಕೇಳಿ, ಅವನು ಹೇಳಿದ ಮೇಲೆಯೇ ಆಶ್ರಮದವರಿಗೆ ದಿನ ಕೊಡಿ. ಹೋಗಿಬರುವ ಖರ್ಚು ಎಷ್ಟೆಂದು ಅವನಿಂದಲೇ ತಿಳಿದುಕೊಂಡು, ನಾಲ್ವರೂ ಸಮನಾಗಿ ಹಾಕಿ, ಮನೆ ಬಿಡುವ ಮುಂಚೆಯೇ ಕೊಟ್ಟುಬಿಡಿ. ಕಚೇರಿ ಮುಗಿದ ಮೇಲೆ ಎಲ್ಲರ ಮುಂದೆ ಕೊಟ್ಟರೆ ಇಸ್ಕೊಳ್ಳುವ ಕೈಗೆ ಕಷ್ಟ. ಅವನಿಗೆ ಬಿಡುವಿಲ್ಲದ ತಿಂಗಳು ಮೃದಂಗವಿಲ್ಲದೆ ಹಾಡಿ. ಪಿಟೀಲು, ತಂಬೂರಿ, ನಿಮ್ಮ ಕೈತಾಳದಲ್ಲೇ ಕಚೇರಿ ಚೆನ್ನಾಗಿ ಆಗುತ್ತದೆ. ಮತ್ತೆ, ನೀವಿಬ್ಬರೂ ಹಾಡುವ ಶ್ರುತಿ ಬೇರೆಯಾಗಿದ್ದರೆ ಒಂದು ತಿಂಗಳು ಒಬ್ಬರು, ಮುಂದಿನ ತಿಂಗಳು ಇನ್ನೊಬ್ಬರು ಹಾಡಿ. ಆಗ ಒಂದು ಮೃದಂಗ ಸಾಕು.

ನೀವು ಕೇಳಿದ್ದಕ್ಕೆ ಬರುತ್ತೇನೆ. ಐವತ್ತು ನಿಮಿಷ ಸಾಕು, ಊಟದ ಹೊತ್ತು ಕೇಳಿಕೊಂಡು ಅದಕ್ಕೆ ಮುಂಚೆ ಮುಗಿಸಿ. ಮೂವತ್ತು ನಲವತ್ತು ಜನರ ಹಜಾರಕ್ಕೆ ಮೈಕ್ ಬೇಡ. ಕಿವಿಯ ಮಷಿನ್ ಹಾಕಿಕೊಂಡವರಿಗೆ ಸ್ಪೀಕರಿನ ಗದ್ದಲ ಹಿಂಸೆ. ಅವರ ಹತ್ತಿರವೇ ಜಮಖಾನ ಹಾಸಿಕೊಂಡು ಕೂತು ಹಾಡಿ. ಹಾಸಿಗೆ ಹಿಡಿದವರ ಮುಖ ಬರುವಂತೆ ವಿಡಿಯೊ ಮಾಡಿ ಹಾಕಲೇಬೇಡಿ.

ಅವಕಾಶ ಸಿಗುತ್ತದೆಯೇ ಎಂದರೆ, ನನಗೆ ಒಂದೂ ಸಿಗಲಿಲ್ಲ. ಅದಕ್ಕಾಗಿ ಹೋಗುವುದಾದರೆ ಹೋಗಬೇಡಿ, ಸಂಗೀತ ಸಭೆಗಳ ಯುವ ಕಲಾವಿದರ ಕಚೇರಿಗಳಿಗೆ ಅರ್ಜಿ ಹಾಕಿ, ಅದು ನೇರ ದಾರಿ. ಆಶ್ರಮಕ್ಕೆ ಹೋಗಬೇಕಾದದ್ದು ಅಲ್ಲಿ ತಾಳ ಹಾಕುವ ಆ ತಾತನಂಥವರು ಇದ್ದಾರೆ ಎಂಬುದಕ್ಕೆ.

ಇದನ್ನು ಬರೆಯುವ ಮುಂಚೆ ಅವನಿಗೆ ಫೋನ್ ಮಾಡಿ, ನಿನ್ನ ವಿಷಯ ಬರೆಯಲಾ ಎಂದು ಕೇಳಿದೆ. ಈಗ ನಂಜನಗೂಡಿನಲ್ಲೇ ಏಳೆಂಟು ಮಕ್ಕಳಿಗೆ ಪಾಠ ಹೇಳುತ್ತಾನೆ, ಶಿಫ್ಟು ಮುಗಿಸಿ. "ಬರೀರಿ ಅಕ್ಕ, ಹೆಸರು ಬೇಡ" ಎಂದ. ಸ್ವಲ್ಪ ಹೊತ್ತು ಬಿಟ್ಟು ಅವನೇ ಹೇಳಿದ: "ಎರಡು ಮೃದಂಗ ತರ್ತಿದ್ದೆ ಅನ್ನೋದನ್ನ ಮಾತ್ರ ಬಿಡ್ಬೇಡಿ."